ಮಡಿವಾಳೆಪ್ಪನವರು ಚಹಾ ಬಿಟ್ಟದ್ದು

ನೇಸರಗಿಯ ಮಡಿವಾಳೆಪ್ಪನವರಿಗೆ ಬೀಜ-ಗೊಬ್ಬರದ ಅಂಗಡಿ ಇದೆ. ಆದರೆ ಸುತ್ತಿನ ಹಳ್ಳಿಗಳವರು ಅವರನ್ನು ಹುಡುಕಿಕೊಂಡು ಬರುವುದು ಬೇರೆ ಕೆಲಸಕ್ಕೆ. ಅಣ್ಣ ತಮ್ಮಂದಿರ ಜಗಳ ಬಿಡಿಸುವುದು, ಮುಖ ತಿರುಗಿಸಿ ಕೂತ ಬೀಗರಿಂದ ಹೂಂ ಎನ್ನಿಸುವುದು, ಇಂಥವನ್ನು ಮೂವತ್ತು ವರ್ಷದಿಂದ ಮಾಡುತ್ತ ಬಂದಿದ್ದಾರೆ. ಅವರ ಬಳಿ ಇದ್ದ ಅಸ್ತ್ರ ಒಂದೇ. ಮನೆಯವರು ಚಹಾ ತಂದಿಟ್ಟರೆ, "ನೀವು ಹೂಂ ಅನ್ನೂತನಕಾ ನಾ ಚಾ ಮುಟ್ಟೂದಿಲ್ಲ ನೋಡ್ರಿ" ಎಂದು ಕೈಕಟ್ಟಿ ಕೂತುಬಿಡುವುದು. ಬಂದವರು ಚಹಾ ಕುಡಿಯದೆ ಎದ್ದುಹೋಗುವುದನ್ನು ಈ ಕಡೆಯ ಯಾವ ಮನೆಯೂ ಸಹಿಸುವುದಿಲ್ಲ. ಎರಡನೆಯ ಸಲ ಬಿಸಿ ಮಾಡಿ ತರುವಷ್ಟರಲ್ಲಿ ಮನೆಯವರು ಮೆತ್ತಗಾಗಿರುತ್ತಿದ್ದರು. ಆಮೇಲೆ ಮಡಿವಾಳೆಪ್ಪನವರು ಕುಡಿಯುತ್ತಿದ್ದರು. ಅವರು ಕುಡಿದರೆಂದರೆ ಮಾತು ಮುಗಿಯಿತು ಎಂದೇ ಲೆಕ್ಕ.

ಹೀಗೆ ಕಂಡವರ ಮನೆಯ ಸಕ್ಕರೆ ಮೂವತ್ತು ವರ್ಷ ಹೊಟ್ಟೆ ಸೇರಿ, ಅಂಗಡಿಯ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತು. ಬೈಲಹೊಂಗಲದಲ್ಲಿರುವ ಮಗಳು ರಾಜೇಶ್ವರಿ ಯುಗಾದಿಗೆ ಬಂದಾಗ ಗ್ರೀನ್ ಟೀ ಡಬ್ಬಿ ತಂದಿಟ್ಟಳು.

"ಹಾಲು, ಸಕ್ರಿ ಎರಡೂ ಬಂದ್ ಮಾಡ್ರಿ ಅಪ್ಪಾ. ದಿನಾ ಇದನ್ನ ಕುಡೀರಿ."

ಮೊದಲ ದಿನ, ದನಕ್ಕೆ ಹಾಕುವ ಕಣಕಿ ಕುದಿಸಿದ ನೀರು ಎಂದು ಮುಖ ಕಿವುಚಿದರು. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದರು. ಅದರಲ್ಲಿ ಎಲೆಯ ಮಹಿಮೆ ಎಷ್ಟು, ಬಿಟ್ಟ ಸಕ್ಕರೆಯದು ಎಷ್ಟು ಎಂದು ಅವರ ಮುಂದೆ ಕೇಳುವ ಹಾಗಿರಲಿಲ್ಲ. ಯೂರಿಯಾ ಒಯ್ಯಲು ಬಂದ ರೈತನಿಗೂ ಗ್ರೀನ್ ಟೀಯ ಗುಣಗಾನ. ಅಂಗಿಯ ಕಿಸೆಯಲ್ಲಿ ಸದಾ ಎರಡು ಪೊಟ್ಟಣ. ಹೋದಲ್ಲೆಲ್ಲ ಬಿಸಿನೀರು ಕೇಳಿ ಪಡೆಯುವುದೇ ಒಂದು ದೊಡ್ಡಸ್ತಿಕೆಯಾಯಿತು.

ಆ ದಿನಗಳಲ್ಲೇ ಸಿರಸಂಗಿಯಿಂದ ಮರೆವ್ವನ ಫೋನು ಬಂತು. ಮರೆವ್ವನ ತವರು ನೇಸರಗಿ, ಮಡಿವಾಳೆಪ್ಪನವರಿಗೆ ಅವಳು ದೂರದ ಅಕ್ಕ. ಅವಳ ಮಕ್ಕಳು, ಹಿರಿಯವ ಜಟ್ಟೆಪ್ಪ ಮತ್ತು ಕಿರಿಯವ ಪರಶು, ಹೊಲದ ಹಾದಿಯ ಸಲುವಾಗಿ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಇದ್ದದ್ದು ಒಂದೇ ಗೋಡೆಯ ಆಚೆ ಈಚೆ. ಮರೆವ್ವ ಹಿರಿಯವನ ಮನೆಯಲ್ಲಿದ್ದಳು. ಕಿರಿಯವನ ಹೊಸ್ತಿಲು ತುಳಿದರೆ ಹಿರಿಯವನ ಮುಖ ಕಪ್ಪಿಡುತ್ತಿತ್ತು. ಇಬ್ಬರೂ ಒಂದು ಸಲ ಪಕ್ಕದಲ್ಲಿ ಕೂತು ತನ್ನ ಕೈಯಡಿಗೆ ಉಂಡರೆ ಸಾಕು, ಇನ್ನೇನೂ ಬೇಡ ಎಂದು ಅತ್ತಳು.

ಮಡಿವಾಳೆಪ್ಪನವರು ಹೋದರು, ಮೂರು ತಾಸು ಮಾತಾಡಿದರು. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡದೆ, ಹೇಳುವುದನ್ನೆಲ್ಲ ಇವರಿಗೇ ಹೇಳಿದರು. ಕೊನೆಗೆ ಜಟ್ಟೆಪ್ಪ ಬದುವಿನ ಉದ್ದಕ್ಕೂ ಎಂಟು ಫೂಟು ಹಾದಿ ಬಿಡಲು ಒಪ್ಪಿದ. ಪರಶು ವಾರಕ್ಕೊಂದು ದಿನ ತನ್ನ ಬಾವಿಯ ನೀರು ಕೊಡಲು ಒಪ್ಪಿದ. ಮರೆವ್ವ ಶುಂಠಿ ಜಜ್ಜಿ ಹಾಕಿ ತಾನೇ ಚಹಾ ಮಾಡಿ ತಂದು, ಮೊದಲ ಕಪ್ಪು ತನ್ನ ತಮ್ಮ ಮಡಿವಾಳೆಪ್ಪನವರ ಮುಂದಿಟ್ಟಳು.

ಕೆಲಸ ಗೆದ್ದ ಖುಷಿಯಲ್ಲಿ ಮಡಿವಾಳೆಪ್ಪನವರು ಕಿಸೆಗೆ ಕೈ ಹಾಕಿದರು.

"ನನಗ ಬರೇ ಬಿಸಿನೀರು ಕೊಡಕ್ಕಾ. ನಾ ಚಾ ಮುಟ್ಟೂದಿಲ್ಲ."

ತಂತಮ್ಮ ಕಪ್ಪಿನತ್ತ ಅಣ್ಣ ತಮ್ಮ ಚಾಚಿದ ಕೈಗಳು ಅಲ್ಲೇ ನಿಂತವು.

"ಇನ್ನೂ ಏನ್ ಉಳದೈತ್ರಿ ಮಾವಾರ?" ಎಂದ ಪರಶು.

"ಏನೂ ಉಳದಿಲ್ಲೋ. ಇದು ಆರೋಗ್ಯದ ಸಲುವಾಗಿ."

"ಮೂವತ್ತ ವರ್ಷ ಇಲ್ಲದ ಆರೋಗ್ಯ ಇವತ್ತ ಎಲ್ಲಿಂದ ಬಂತ್ರಿ?" ಜಟ್ಟೆಪ್ಪ ಸಣ್ಣ ದನಿಯಲ್ಲೇ ಕೇಳಿದ. "ನನ್ನಿಂದ ಇನ್ನೂ ಎಷ್ಟ ಫೂಟು ಬಿಡಸಬೇಕಂತ ಕುಂತೀರಿ, ಹೇಳಿಬಿಡ್ರಿ. ಆಂವಾ ಏನ್ ಹೇಳಿಕೊಟ್ಟಾನ್ರಿ?"

ಪರಶು ಆಗ ಅಣ್ಣನ ಮುಖ ನೋಡಿದ. "ನಾ ಯಾಕ ಹೇಳಿಕೊಡ್ಲಿ? ನಿನ್ನಂಥವನಲ್ಲ ನಾನು."

ಆರು ವರ್ಷದ ಮೇಲೆ ಪರಶು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಮಡಿವಾಳೆಪ್ಪನವರು ಪೊಟ್ಟಣ ತೋರಿಸಿದರು, ಮಗಳ ಹೆಸರು ಹೇಳಿದರು, ಇಳಿದ ತೂಕ ಹೇಳಿದರು. ಹೇಳಿದ್ದೆಲ್ಲ ನಿಜವೇ. ಆದರೆ ಅವರು ಚಹಾ ಮುಟ್ಟದಿದ್ದರೆ ಏನರ್ಥ ಎಂದು ಈ ಸೀಮೆಗೆಲ್ಲ ಕಲಿಸಿದವರು ಅವರೇ. ಕಡೆಗೆ ಗಾಬರಿಯಾಗಿ ಕಪ್ಪೆತ್ತಿ, ಬಾಯಿ ಸುಟ್ಟರೂ ಬಿಡದೆ ಗಟಗಟ ಕುಡಿದುಬಿಟ್ಟರು.

"ಬಿಡ್ರಿ ಮಾವಾರ," ಜಟ್ಟೆಪ್ಪ ಎದ್ದ. "ಈಗ ಕುಡದ್ರ ಅದು ಬರೇ ಚಾ."

ಅವನು ಹೊಲಕ್ಕೆ ಹೋದ. ಪರಶು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಮಡಿವಾಳೆಪ್ಪನವರು ತಲೆ ತಗ್ಗಿಸಿ ಕೂತರು. ಎರಡು ತಿಂಗಳ ಮೇಲೆ ಕುಡಿದ ಆ ಚಹಾ ರುಚಿಯಾಗಿತ್ತು, ಅದಕ್ಕೂ ಅವರಿಗೆ ನಾಚಿಕೆಯಾಯಿತು.

ಮರೆವ್ವ ತುಂಬಿದ ಕಪ್ಪುಗಳನ್ನು ಒಳಗಿಟ್ಟು ಬಂದಳು. ಕೈಯಲ್ಲಿ ಲೋಟ ಇತ್ತು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ತಗೋ ತಮ್ಮಾ, ಬಿಸಿನೀರು," ಎಂದಳು. "ನೀನಾದ್ರೂ ಛಲೋ ಇರು."