ವಸಂತಿಯ ಕುತ್ತಿಗೆಯ ಗಡಿಯಾರ

ನನಗೆ ಆಗ ಒಂಬತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಕತಾರಿನಲ್ಲಿ ಆಗ ಬ್ರಿಟಿಷರು ಹೇಳಿದ್ದೇ ನಡೆಯುತ್ತಿತ್ತು. ದೋಹಾದಲ್ಲಿ ನಮ್ಮ ಊರ ಕಡೆಯ ಸಂಸಾರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಪ್ಪ ಮಂಗಳೂರಿನಲ್ಲಿ ಗಡಿಯಾರ ರಿಪೇರಿ ಕಲಿತು, ಹಡಗು ಹತ್ತಿ ಬಂದು, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ಆ ಮನೆಗೆ ಎರಡೇ ವಾಸನೆ. ಒಂದು ಒಣಮೀನಿನದ್ದು, ಇನ್ನೊಂದು ಪಾರ್ಸೆಲಿಗೆ ಮುದ್ರೆ ಒತ್ತುವ ಅರಗಿನದ್ದು.

ಅಪ್ಪನ ಒಳ್ಳೆಯ ಗಿರಾಕಿಗಳು ಅಂಗಡಿಗೆ ಬರುತ್ತಲೇ ಇರಲಿಲ್ಲ. ಅವರು ಎಣ್ಣೆ ಕ್ಯಾಂಪಿನ ಬಿಳಿಯರು. ಹೆಂಡತಿ ಮಕ್ಕಳ ಸಮೇತ ಉಮ್ ಸೈದಿನಲ್ಲಿ ಬಿಡಾರ ಮಾಡಿದ್ದವರು. ಈಗ ಅದಕ್ಕೆ ಮೆಸಯೀದ್ ಎನ್ನುತ್ತಾರೆ, ನನ್ನ ಮಗ ಕಂಪೆನಿ ಬಸ್ಸಿನಲ್ಲಿ ದಿನಾ ಹೋಗುವುದು ಅಲ್ಲಿಗೇ. ಅಪ್ಪ ಗಡಿಯಾರದ ಚಿತ್ರದ ಚೀಟಿ ಅಚ್ಚು ಹಾಕಿಸಿ ಕ್ಯಾಂಪಿಗೆ ಕಳಿಸುತ್ತಿದ್ದರು. ದೊರೆಗಳು ತಮಗೆ ಬೇಕಾದದ್ದನ್ನು ಕಾಗದ ಬರೆದು ಕೇಳುತ್ತಿದ್ದರು, ಗಡಿಯಾರ ಟಪಾಲಿನಲ್ಲಿ ಹೋಗುತ್ತಿತ್ತು. ಕೈಗೆ ಕಟ್ಟುವಂಥದ್ದಲ್ಲ, ಜೇಬಿನದ್ದು. ಕೈಯದ್ದಕ್ಕೆ ಯಂತ್ರ ತಾಗುತ್ತದೆ, ಮರಳು ನುಗ್ಗುತ್ತದೆ. ಜೇಬಿನದ್ದಕ್ಕೆ ಎರಡು ಮುಚ್ಚಳ. ಗಟ್ಟಿ ಮಾಲು.

ಎಷ್ಟು ಗಟ್ಟಿ ಎಂದು ದೊರೆಗಳಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ದರು. ಕಳಿಸುವ ಮೊದಲು ಪ್ರತಿ ಗಡಿಯಾರವೂ ಏಳು ದಿನ ನನ್ನ ಕುತ್ತಿಗೆಯಲ್ಲಿ ಇರಬೇಕು. ಅಮ್ಮ ಹೊಲಿದ ಬಟ್ಟೆಯ ಚೀಲದಲ್ಲಿ ಅದನ್ನು ಹಾಕಿಕೊಂಡು ನಾನು ಕುಂಟೆಬಿಲ್ಲೆ ಆಡಬೇಕು, ಅಕ್ಕಿ ಚೀಲದ ಮೇಲಿಂದ ಹಾರಬೇಕು, ಮರಳಲ್ಲಿ ಹೊರಳಬೇಕು. ಏಳನೆಯ ದಿನವೂ ಸಮಯ ಸರಿ ಇದ್ದರೆ ಪಾರ್ಸೆಲಿನೊಳಗೆ ಒಂದು ಚೀಟಿ. ‘ಈ ಗಡಿಯಾರವನ್ನು ಒಂದು ಮಗು ಏಳು ದಿನ ಮರಳಿನಲ್ಲಿ ಹೊತ್ತು ಆಡಿದೆ, ಸಮಯ ತಪ್ಪಿಲ್ಲ’ ಎಂದು ಅಪ್ಪ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಆ ಮಗು ನಾನು. ಆಗ ನನಗೆ ಅಕ್ಷರ ಬಾರದು, ಗಂಟೆ ನೋಡಲೂ ಬಾರದು. ಹತ್ತಿರದಲ್ಲಿ ನಮ್ಮ ಮಕ್ಕಳಿಗೆ ಶಾಲೆ ಇರಲಿಲ್ಲ. ಬಾರದಿದ್ದರೆ ಏನು, ಎದೆಯ ಮೇಲೆ ಟಿಕ್ ಟಿಕ್ ಇತ್ತಲ್ಲ. ನನಗಿಂತ ದೊಡ್ಡವರು ಯಾರೂ ಇಲ್ಲ ಎಂದು ತಿರುಗುತ್ತಿದ್ದೆ.

ಆ ಚಳಿಗಾಲದಲ್ಲಿ ವಸಂತಿ ಬಂದಳು. ಅಪ್ಪನ ತಂಗಿಯ ಮಗಳು, ತಾಯಿ ಸತ್ತವಳು, ಹನ್ನೊಂದು ವರ್ಷದವಳು. ಊರಿನ ಕಾನ್ವೆಂಟಿನಲ್ಲಿ ಐದನೆಯ ತರಗತಿ ಮುಗಿಸಿದ್ದಳು. ಬಂದ ಮರುದಿನವೇ ಅಪ್ಪನಿಗೆ ಒಂದು ಸಾಲು ಇಂಗ್ಲಿಷ್ ಬರೆದು ತೋರಿಸಿದಳು. ಅಕ್ಷರ ಮಲ್ಲಿಗೆ ಕಟ್ಟಿದ ಹಾಗೆ. ಅಪ್ಪ ಅದನ್ನು ನೋಡಿ, ಅವಳನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು.

“ಗಿರಿಜಾ, ಆ ಚೀಲ ಇತ್ತ ಕೊಡು. ಹೊತ್ತವಳೇ ಚೀಟಿ ಬರೆದರೆ ದೊರೆಗಳಿಗೆ ಖುಷಿ ಆಗ್ತದೆ.”

“ನನ್ನದು ಇನ್ನೂ ಎರಡು ದಿನ ಉಂಟು ಅಪ್ಪ!”

“ಏಳು ದಿನ ಆಗ್ಬೇಕಾದ್ದು ಗಡಿಯಾರಕ್ಕೆ ಮಾರಾಯ್ತಿ, ನಿನಗಲ್ಲ.”

ಚೀಲ ಅವಳ ಕುತ್ತಿಗೆಗೆ ಹೋಯಿತು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಮ್ಮ ಮೀನು ಕೊಯ್ಯುತ್ತಿದ್ದರು, ತಲೆ ಎತ್ತಲಿಲ್ಲ. “ಅವಳು ಅಪ್ಪನ ಬರಿ, ನೀನು ನನ್ನ ಬರಿ. ಅಪ್ಪನಿಗೆ ಅವಳ ಮೇಲೆ ಪ್ರೀತಿ ಇರುದೇ” ಎಂದರು. ಬರಿ ಎಂದರೆ ಮನೆತನ. ನಮ್ಮ ತುಳುವರಲ್ಲಿ ಮಕ್ಕಳು ತಾಯಿಯ ಬರಿಗೆ ಸೇರುವವರು. ಲೆಕ್ಕ ಹಾಕಿದರೆ ತಂಗಿಯ ಮಗಳು ಅಪ್ಪನ ಮನೆತನದವಳು, ಸ್ವಂತ ಮಗಳಾದ ನಾನು ಹೊರಗಿನವಳು. ಅಮ್ಮ ಸಮಾಧಾನಕ್ಕೆ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು.

ತಿಂಗಳೊಳಗೆ ಕ್ಯಾಂಪಿನ ಒಬ್ಬ ದೊರೆಸಾನಿ ‘ಗಡಿಯಾರ ಹೊತ್ತ ವಸಂತಿಗೆ’ ಎಂದು ಬರೆದು ಒಂದು ಡಬ್ಬಿ ಚಾಕಲೇಟ್ ಕಳಿಸಿದಳು. ಯಾವ ಗಡಿಯಾರಕ್ಕೆ? ನಾನು ಐದು ದಿನ ಹೊತ್ತದ್ದಕ್ಕೆ! ಚೀಟಿಯಲ್ಲಿ ಇದ್ದದ್ದು ಮಾತ್ರ ಅವಳ ಹೆಸರು. ವಸಂತಿ ಎಣಿಸಿ ಅರ್ಧ ನನಗೆ ಕೊಟ್ಟಳು. ನಾನು ಮುಟ್ಟಲಿಲ್ಲ. ಸುಳ್ಳು, ಎಲ್ಲ ತಿಂದೆ. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಮುಂದಿನ ಗಡಿಯಾರದ ಏಳನೆಯ ದಿನ. ವಸಂತಿ ಸ್ನಾನಕ್ಕೆ ಹೋಗುವಾಗ ಚೀಲವನ್ನು ಮೊಳೆಗೆ ತೂಗುಹಾಕಿದಳು. ಮುಳ್ಳನ್ನು ಒಂಚೂರು ಹಿಂದೆ ಸರಿಸಿದರೆ ಸಾಕು, ಗಡಿಯಾರ ಸೋಲುತ್ತದೆ, ಅವಳು ಹೊತ್ತದ್ದು ಸರಿಯಿಲ್ಲ ಎಂದಾಗುತ್ತದೆ, ಚೀಲ ನನಗೆ ವಾಪಸು ಬರುತ್ತದೆ. ನಾನು ಕೀ ಎಳೆದು ತಿರುಗಿಸಿದೆ. ಮುಳ್ಳುಗಳು ಗಿರಗಿರ ಎಲ್ಲೆಲ್ಲೋ ಹೋದವು. ನನಗೆ ಹೆದರಿಕೆಯಾಯಿತು. ಬೇಡಪ್ಪ ಈ ಕೆಲಸ, ಮೊದಲಿನ ಹಾಗೇ ಮಾಡಿಡೋಣ ಎಂದು ಅಂಗಡಿಯ ಬಾಗಿಲಿಗೆ ಓಡಿದೆ.

ಅಂಗಡಿಯಲ್ಲಿ ಎದುರುಬದುರು ಗೋಡೆಯ ಮೇಲೆ ಎರಡು ದೊಡ್ಡ ಗಡಿಯಾರ ಇದ್ದವು. ಒಂದು ಎಣ್ಣೆ ಕಂಪೆನಿಯವರ ಗಂಟೆಯದ್ದು, ಈಗ ನಾವೆಲ್ಲ ನೋಡುವಂಥದ್ದೇ. ಇನ್ನೊಂದು ಅರಬ್ಬಿ ಗಂಟೆಯದ್ದು. ಆಗಿನ ಅರಬರಿಗೆ ಸೂರ್ಯ ಮುಳುಗಿದಾಗ ಹನ್ನೆರಡು. ಸೂರ್ಯ ದಿನಾ ಒಂದೇ ಹೊತ್ತಿಗೆ ಮುಳುಗುತ್ತಾನಾ? ಅದಕ್ಕೆ ಅಪ್ಪ ಪ್ರತಿ ಸಂಜೆ ಸ್ಟೂಲ್ ಹತ್ತಿ ಅದರ ಮುಳ್ಳು ಸರಿಸುತ್ತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಪ್ಪ ದಿನಾ ಸರಿಮಾಡುವ ಗಡಿಯಾರವೇ ಸರಿಯಾದದ್ದು ಎಂದು ನಾನು ಎಣಿಸಿದ್ದೆ. ಅದರಲ್ಲಿ ಮುಳ್ಳು ಎತ್ತ ಇತ್ತೋ ಅತ್ತಲೇ ಕೂರಿಸಿ, ಚೀಲವನ್ನು ಮೊಳೆಗೆ ಸಿಕ್ಕಿಸಿದೆ.

ಪಾರ್ಸೆಲ್ ಹೊಲಿಯುವ ಮೊದಲು ಅಪ್ಪ ಮುಚ್ಚಳ ತೆರೆದರು. ಕಂಪೆನಿ ಗಂಟೆ ನಾಲ್ಕೂ ಕಾಲು. ಕೈಯಲ್ಲಿದ್ದದ್ದು ಹತ್ತೂವರೆ, ಅರಬ್ಬಿ ಗಂಟೆಯೂ ಅದೇ. ಅಪ್ಪ ಆ ಗೋಡೆ ನೋಡಿದರು, ಈ ಗೋಡೆ ನೋಡಿದರು. ನಗು ಬಂತೋ ಸಿಟ್ಟು ಬಂತೋ, ಮೀಸೆ ಅಲುಗಿತು.

“ಗಡಿಯಾರ ಕೆಟ್ಟರೆ ಹಿಂದೆ ಬೀಳ್ತದೆ, ಇಲ್ಲ ನಿಲ್ತದೆ. ಅರಬ್ಬಿ ಕಲಿಯುದಿಲ್ಲ. ಈ ಮನೆಯಲ್ಲಿ ಗಂಟೆ ನೋಡ್ಲಿಕ್ಕೆ ಬಾರದವರು ಯಾರು?”

ಅಷ್ಟರಲ್ಲಿ ವಸಂತಿ ಮುಂದೆ ಬಂದಳು. “ಮಾವ, ನಾನೇ ತಿರುಗಿಸಿದ್ದು. ಆಟಕ್ಕೆ.”

ಅವಳದ್ದು ಒಳ್ಳೆಯ ಮನಸ್ಸು ಎಂದು ಬೇರೆಯವರು ಹೇಳಬಹುದು. ನನಗೆ ಹಾಗೆ ಅನಿಸಲಿಲ್ಲ. ಚೀಲ ತೆಗೆದುಕೊಂಡಳು, ಚಾಕಲೇಟು ತೆಗೆದುಕೊಂಡಳು, ಅಪ್ಪನನ್ನು ತೆಗೆದುಕೊಂಡಳು. ನನ್ನದು ಅಂತ ಒಂದು ತಪ್ಪು ಉಳಿದಿತ್ತು, ಅದನ್ನೂ ಎತ್ತಿಕೊಳ್ಳುತ್ತಾಳಲ್ಲ!

“ಅವಳಲ್ಲ! ಅವಳಿಗೆ ಎಲ್ಲಿ ಅಷ್ಟು ಧೈರ್ಯ! ನಾನು ಮಾಡಿದ್ದು, ನಾನು!” ಎಂದು ಕಿರುಚಿದೆ.

ಅಪ್ಪ ಹೊಡೆಯಲಿಲ್ಲ. ಗಡಿಯಾರ ಇನ್ನೊಮ್ಮೆ ಏಳು ದಿನ ಇರಬೇಕಾಯಿತು, ಅದೂ ವಸಂತಿಯ ಕುತ್ತಿಗೆಯಲ್ಲೇ. ತಡವಾಗುತ್ತದೆ ಎಂದು ದೊರೆಗೆ ಕಾಗದ ಬರೆದವಳೂ ಅವಳೇ. ನನಗೆ ಅಪ್ಪ ಹೇಳಿದ್ದು ಒಂದೇ ಮಾತು. “ಗಂಟೆ ಓದಿ ತೋರಿಸು, ಆ ದಿನ ಚೀಲ ನಿನಗೆ. ಅಲ್ಲಿವರೆಗೆ ಖಲಾಸ್. ಕಲಿಸ್ಲಿಕ್ಕೆ ನನಗೆ ಪುರುಸೊತ್ತಿಲ್ಲ, ಅವಳ ಹತ್ರ ಕೇಳು.”

ಅವಳ ಹತ್ರ!

ಆ ಅಂಗಡಿ ಈಗ ಇಲ್ಲ, ಆ ಗಲ್ಲಿಯೂ ಇಲ್ಲ. ಸೂರ್ಯ ಮುಳುಗಿದಾಗ ಹನ್ನೆರಡು ಎನ್ನುವ ಗಂಟೆಯೂ ಇಲ್ಲ. ದೋಹಾದಲ್ಲೇ, ಅಲ್ ಗರಾಫಾದ ಈ ಮನೆಯಲ್ಲಿ ಎಲ್ಲರೂ ಫೋನಿನಲ್ಲೇ ಸಮಯ ನೋಡುತ್ತಾರೆ, ಕೀ ಕೊಡುವ ಕೆಲಸ ಯಾರಿಗೂ ಇಲ್ಲ. ಮೊಮ್ಮಗಳಿಗೆ ಮುಳ್ಳಿನ ಗಡಿಯಾರ ತೋರಿಸಿದರೆ “ಇದು ಹೇಗೆ ಓದುದು ಅಜ್ಜಿ?” ಎನ್ನುತ್ತಾಳೆ. ವಸಂತಿ ಹೋದ ವರ್ಷ ಅಲ್ ಮನ್ಸೂರಾದಲ್ಲಿ, ಮಗನ ಮನೆಯಲ್ಲಿ ತೀರಿಕೊಂಡಳು. ನನ್ನ ಸೀರೆಗಿಂತ ಅವಳ ಸೀರೆ ಯಾವಾಗಲೂ ಚೆನ್ನಾಗಿರುತ್ತಿತ್ತು, ಅವಳ ಮೀನುಸಾರೂ ಹಾಗೆಯೇ. ಅರವತ್ತು ವರ್ಷ ಅವಳನ್ನು ಕಂಡು ಹೊಟ್ಟೆ ಉರಿಸಿಕೊಂಡೇ ಬೆಳಿಗ್ಗೆ ಏಳುತ್ತಿದ್ದೆ. ಈಗ ಹೊಟ್ಟೆ ಉರಿಸಲಿಕ್ಕೆ ಯಾರೂ ಇಲ್ಲ. ಎದ್ದು ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಈ ನಾಲ್ಕು ಅಕ್ಷರ ಬರೆದದ್ದು ಕೂಡ ಅವಳು ಕಲಿಸಿದ್ದರಲ್ಲಿ.

ಅಂದು ಅಪ್ಪ ಆ ಮಾತು ಹೇಳಿದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಒಲೆಯಿಂದ ಒಂದು ಇದ್ದಿಲು ತಂದೆ. ವಸಂತಿಯ ಚಾಪೆಯ ಪಕ್ಕ ನೆಲದ ಮೇಲೆ ಒಂದು ದೊಡ್ಡ ಸೊನ್ನೆ ಬರೆದು, ಅವಳನ್ನು ಕಾಲಿನಿಂದ ತಿವಿದು ಎಬ್ಬಿಸಿ, “ಏಳು. ಒಂದು ಎಲ್ಲಿ ಬರ್ತದೆ ತೋರಿಸು” ಎಂದೆ.