ಇಬ್ಬನಿಯಲ್ಲಿ ಅಳೆದ ಹಗ್ಗ

ಇಟ್ಟಿಗಿಯ ಗಾಳೆಮ್ಮನ ಅಜ್ಜ ದುರುಗಪ್ಪ ಪುಂಡಿನಾರಿನ ಹಗ್ಗ ಹಿಡಿದು ಊರ ಹೊಲಗಳನ್ನೆಲ್ಲ ಅಳೆದು ಬದು ಹಾಕಿಸಿದವನು. ಅಪ್ಪ ಮರಿಯಪ್ಪ ಸ್ವಂತ ಅಣ್ಣನಿಗೇ ಎದುರಾಗಿ ನ್ಯಾಯ ಹೇಳಿದವನು. ಈಗಲೂ ಬದುವಿನ ತಕರಾರು ಎದ್ದರೆ ಜನ ಗಾಳೆಮ್ಮನ ಬಾಗಿಲಿಗೇ ಬರುತ್ತಾರೆ.

ಹೋದ ವರ್ಷ ಅಕ್ಕಪಕ್ಕದ ಹೊಲದ ಹುಲುಗಪ್ಪನೂ ಪಂಚಾಕ್ಷರಪ್ಪನೂ ಒಂದು ಸಾಲು ಮಲ್ಲಿಗೆ ಗಿಡಕ್ಕಾಗಿ ಕಿತ್ತಾಡಿದರು. ಹುಲುಗಪ್ಪನ ಹೆಂಡತಿ ನೀರು ಹೊತ್ತು ಬೆಳೆಸಿದ ಸಾಲು ಅದು. ಮೊಗ್ಗು ಬಿಡಿಸುವ ನಸುಕಿನಲ್ಲೇ ಗಾಳೆಮ್ಮ ಹುಲುಗಪ್ಪನ ಅಂಚಿನಿಂದ ಹತ್ತು ಹಗ್ಗದುದ್ದ ಅಳೆದು ಗಡಿಕಲ್ಲು ನೆಟ್ಟಳು. ಸಾಲು ಪಂಚಾಕ್ಷರಪ್ಪನ ಪಾಲಾಯಿತು. ಹುಲುಗಪ್ಪ ಮನೆಯ ದಾರಿ ಹಿಡಿದ.

ಮನೆಗೆ ಬಂದು ಹಗ್ಗವನ್ನು ಬಿಸಿಲಿಗೆ ಹಾಕುವಾಗ ಗಾಳೆಮ್ಮ ಅದನ್ನು ಮೊಳ ಹಾಕಿ ನೋಡಿದಳು. ಇಬ್ಬನಿಗೆ ನೆನೆದ ನಾರು ಬಿಗಿದು ಗಿಡ್ಡಾಗಿತ್ತು; ಹತ್ತು ಹಗ್ಗಕ್ಕೆ ಹುಲುಗಪ್ಪನ ಹೊಲ ಅಷ್ಟೂ ಕಡಿಮೆಯಾಗಿತ್ತು. ಮಧ್ಯಾಹ್ನ ಇಬ್ಬರನ್ನೂ ಹೊಲಕ್ಕೆ ಕರೆಸಿ, "ನನ್ನ ಅಳತಿ ತಪ್ಪೈತಿ" ಎಂದಳು.

"ಹುಲುಗಪ್ಪ ನಿಮ್ಮ ಕೇರಿಯವನಂತ ಮನಸ್ಸು ತಿರುಗಿತೇನಬೇ?" ಎಂದು ಪಂಚಾಕ್ಷರಪ್ಪ ಚುಚ್ಚಿದ.

"ಹಗ್ಗ ಈಗ ಒಣಗೈತಿ. ನೀನ ಹಿಡಿದು ಅಳೆಯಪ್ಪ" ಎಂದಳು ಗಾಳೆಮ್ಮ.

ಅವನೇ ಅಳೆದ. ಸಾಲು ಹುಲುಗಪ್ಪನದೇ ಆಗಿತ್ತು. ಪಂಚಾಕ್ಷರಪ್ಪ ಮುಖ ಸಣ್ಣದು ಮಾಡಿಕೊಂಡು, ಕಲ್ಲು ಕೀಳಲು ಗಾಳೆಮ್ಮನ ಕೈಯ ಹಾರೆಗೆ ಕೈ ಚಾಚಿದ. ಎಪ್ಪತ್ತರ ಮುದುಕಿ ಹಾರೆ ಬಿಡಲಿಲ್ಲ.

"ಸರಿಯಪ್ಪ ಅತ್ತಾಗ. ತಪ್ಪು ಜಾಗದಾಗ ನೆಟ್ಟಾಕಿ ನಾನು, ಕೀಳಾಕಿನೂ ನಾನ."