ಗುರಮೇಲ್ ಕೌರ್ ಬಗ್ಗೆ ಎರಡು ನಿಮಿಷ

ಪಂಜಾಬಿನ ಮೋಗಾ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ದಿನಸಿ ಅಂಗಡಿಗಳಿಗಿಂತ, ವಿದೇಶಕ್ಕೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆ ಐಲೆಟ್ಸ್‌ನ ಪಾಠದ ಅಂಗಡಿಗಳೇ ಹೆಚ್ಚು. ಅದರಲ್ಲೊಂದರಲ್ಲಿ ನವರೂಪ್ ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದಳು. ಓದು ಬರಹದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮಾತಿನ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಮಕಾಡೆ ಮಲಗಿದ್ದಳು. ಒಂಬತ್ತಕ್ಕೆ ಆರೂವರೆ ಬ್ಯಾಂಡ್ ಅಂಕ ಬಂದರೆ ನಿಶ್ಚಯವಾಗಿದ್ದ ಹುಡುಗ ಲಾಡಿಯೊಡನೆ ಮದುವೆ, ಕೆನಡಾ. ಬರದಿದ್ದರೆ ನಿಶ್ಚಿತಾರ್ಥ ಮುರಿದು ಊರವರ ಬಾಯಿಗೆ ಬೀಳಬೇಕು. ಹತ್ತನೇ ಕ್ಲಾಸಿಗೇ ಓದಿಗೆ ಕೈಮುಗಿದಿದ್ದ ಲಾಡಿಗೆ ಹೆಂಡತಿಯ ಸೆರಗು ಹಿಡಿಯದೆ ವಿಮಾನ ಹತ್ತುವ ದಾರಿಯಿರಲಿಲ್ಲ. ಆದ್ದರಿಂದಲೇ ಹುಡುಗಿಯ ಫೀಸು ಹುಡುಗನ ಮನೆಯದು.

ಅದನ್ನು ಲಾಡಿಯ ತಾಯಿ ಗುರಮೇಲ್ ಕೌರ್ ಒಂದು ದಿನವೂ ಮರೆಯಗೊಡಲಿಲ್ಲ. ಸಂಜೆಯಾದರೆ ಪಿನ್ನಿ ಉಂಡೆಯ ಡಬ್ಬಿ ಹಿಡಿದು ನವರೂಪಳ ಮನೆಗೆ ಬಂದು ಮಂಚದ ಮೇಲೆ ಠಿಕಾಣಿ ಹೂಡುತ್ತಿದ್ದಳು.

"ತಿನ್ನು ಪುತ್ತರ್, ತುಪ್ಪದ್ದು. ನಾಲಿಗೆ ಹೊರಳ್ಲಿ. ಇಷ್ಟು ನಮ್ಮ ಎಮ್ಮೆಗೆ ತಿನ್ಸಿದ್ರೆ ಅದೂ ಇಂಗ್ಲಿಷ್ ಮಾತಾಡ್ತಿತ್ತು."

"ಕಲೀತಿದೀನಿ, ಮಮ್ಮೀಜಿ."

"ಕಲಿ, ಕಲಿ. ಮೊನ್ನೆ ಇನ್ನೊಂದ್ ಹುಡುಗಿ ತೋರ್ಸಿದ್ರು, ಏಳು ಬ್ಯಾಂಡಂತೆ. ಬಣ್ಣ ಸ್ವಲ್ಪ ಕಮ್ಮಿ. ಬಣ್ಣ ನೋಡಿ ವೀಸಾ ಕೊಡ್ತಾರಾ ಹೇಳು?"

ನವರೂಪಳ ತಾಯಿ ಚಹಾದ ನೆಪದಲ್ಲಿ ಅಡುಗೆಮನೆ ಸೇರಿಬಿಡುತ್ತಿದ್ದಳು. ಆಮೇಲೆ, "ನುಂಗ್ಕೋ ಮಗಳೇ, ಹೆಣ್ಣು ಹೆತ್ತವರು ನಾವು" ಎನ್ನುತ್ತಿದ್ದಳು. ನುಂಗಿ ನುಂಗಿ ನವರೂಪಳಿಗೆ ಪಿನ್ನಿಯ ವಾಸನೆ ಬಂದರೇ ವಾಕರಿಕೆ ಬರುವಂತಾಗಿತ್ತು. ಆ ಹೆಂಗಸನ್ನು ಅವಳು ಮನಸಾರೆ ದ್ವೇಷಿಸುತ್ತಿದ್ದಳು.

ಪಾಠದ ಸರ್ ಬೇರೆ ಥರದ ಆಸಾಮಿ. ಯಾವ ಪ್ರಶ್ನೆಗೂ ಅವನ ಬಳಿ ಉತ್ತರ ಸಿದ್ಧ, ಉರು ಹೊಡೆದರೆ ಸಾಕು. ಇಷ್ಟದ ಊರು ಶಿಮ್ಲಾ. ಮೆಚ್ಚಿನ ವ್ಯಕ್ತಿ, ನಸುಕಿಗೇ ಎದ್ದು ಗುರುದ್ವಾರಕ್ಕೆ ಹೋಗುವ ತಾತ. ಗಲ್ಲಿಯ ಹುಡುಗ ಹುಡುಗಿಯರೆಲ್ಲ ಅದನ್ನೇ ಒಪ್ಪಿಸುತ್ತಿದ್ದರು. ಇಡೀ ಮೋಗಾಕ್ಕೆ ಒಬ್ಬನೇ ತಾತ! ಗಿಣಿಪಾಠ ಕೇಳಿ ಕೇಳಿ ಸುಸ್ತಾದ ಪರೀಕ್ಷಕರು ಅಂಕ ಕತ್ತರಿಸುತ್ತಿದ್ದರು. ನವರೂಪಳನ್ನು ಎರಡು ಸಲವೂ ಮುಳುಗಿಸಿದವನು ಆ ತಾತನೇ.

ಮೂರನೇ ಸಲ ಎದುರಿಗೆ ಕೂತದ್ದು ನರೆಗೂದಲಿನ ಒಬ್ಬ ಬಿಳಿಯ ಮೇಡಂ. ನಿನ್ನ ಬದುಕಿನ ಮೇಲೆ ಪ್ರಭಾವ ಬೀರಿದ ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡು ಎಂದು ಚೀಟಿ ಕೊಟ್ಟರು. "ನನ್ನ ತಾತ..." ಎಂದು ನವರೂಪ್ ಶುರುಮಾಡಿದ್ದೇ ತಡ, ಮೇಡಂ ಆಕಳಿಕೆ ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು.

ನವರೂಪಳಿಗೆ ಮೈಯೆಲ್ಲ ಉರಿಯಿತು. ತಾತನನ್ನು ಅಲ್ಲಿಗೇ ಬಿಟ್ಟು ಗುರಮೇಲ್ ಕೌರಳನ್ನು ಎತ್ತಿಕೊಂಡಳು. ಎಮ್ಮೆ, ಬಣ್ಣ, ಪಿನ್ನಿ, ಒಮ್ಮೆ ಸೊಂಟದ ಮೇಲೆ ಕೈಯಿಟ್ಟು "ನಿನ್ನ ಬಾಯಲ್ಲಿರೋದು ನನ್ನ ದುಡ್ಡಿನ ನಾಲಿಗೆ" ಎಂದದ್ದು, ಒಂದೂ ಬಿಡಲಿಲ್ಲ. ವ್ಯಾಕರಣ ಅಲ್ಲಲ್ಲಿ ಎಡವಿತು, ಮಾತು ಮಾತ್ರ ನಿಲ್ಲಲಿಲ್ಲ. ಮೇಡಂ ಮುಂದಕ್ಕೆ ಬಾಗಿ ಕೇಳಿದರು. ಸಮಯ ಮುಗಿಯಿತೆಂದು ಅವರೇ ಕೈಯೆತ್ತಿ ನಿಲ್ಲಿಸಬೇಕಾಯಿತು.

ಏಳು ಬ್ಯಾಂಡ್ ಬಂತು. ಲಾಡಿಯ ಮನೆಯಲ್ಲಿ ನೆಂಟರೆಲ್ಲ ಸೇರಿದರು, ನವರೂಪಳನ್ನೂ ಅವಳ ತಾಯಿಯನ್ನೂ ಕರೆಸಿ ಲಡ್ಡು ಹಂಚಿದರು.

"ಏನು ಕೇಳಿದ್ರು ಪುತ್ತರ್?" ಗುರಮೇಲ್ ಕೌರ್ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು.

"ನನ್ನ ಬದುಕಿನಲ್ಲಿ ಮುಖ್ಯವಾದವರು ಯಾರು ಅಂತ. ನಿಮ್ಮ ಬಗ್ಗೆ ಹೇಳ್ದೆ."

ಆ ಹೆಂಗಸು ಉಬ್ಬಿಹೋದಳು. "ಕೇಳಿದ್ರಾ? ಬಿಳಿ ಮೇಡಂ ಮುಂದೆ ನನ್ನ ಹೆಸರು! ಎಲ್ಲಿ, ಇಲ್ಲೂ ಹೇಳು, ಹಾಗೇ ಇಂಗ್ಲಿಷಲ್ಲೇ."

ನವರೂಪ್ ಎದ್ದು ನಿಂತು ಹೇಳಿದಳು. ಒಂದಕ್ಷರವೂ ಅರ್ಥವಾಗದ ಲಾಡಿ ಶಿಳ್ಳೆ ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನ ಸೋದರತ್ತೆಯ ಗಂಡ, ಸೈನ್ಯದಲ್ಲಿದ್ದು ಇಂಗ್ಲಿಷ್ ಬಲ್ಲ ಸುಬೇದಾರ್ ಕರನೈಲ್ ಸಿಂಗ್ ಒಬ್ಬರನ್ನು ಬಿಟ್ಟು. ಅವರು ಕಚ್ಚಿದ ಲಡ್ಡುವನ್ನು ಕೆಳಗಿಟ್ಟಿದ್ದರು.

"ಏನಂದ್ಲು ಭಾಯೀಜಿ? ನಮಗೂ ಹೇಳಿ," ಎಂದಳು ಗುರಮೇಲ್ ಕೌರ್.

ಸುಬೇದಾರರು ನೆಲ ನೋಡಿದರು. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

"ಅವ್ರಿಗ್ಯಾಕೆ ತೊಂದ್ರೆ? ನಾನೇ ಹೇಳ್ತೀನಿ," ಎಂದಳು ನವರೂಪ್. ಅಡುಗೆಮನೆಯ ಕಡೆ ಸರಿಯುತ್ತಿದ್ದ ತನ್ನ ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿದಳು. ಬೆರಳಿನ ನಿಶ್ಚಿತಾರ್ಥದ ಉಂಗುರ ಕಳಚಿ ಲಡ್ಡುವಿನ ತಟ್ಟೆಯಲ್ಲಿಟ್ಟಳು. ಆಮೇಲೆ ಎಮ್ಮೆಯಿಂದಲೇ ಶುರುಮಾಡಿದಳು, ಅಪ್ಪಟ ಪಂಜಾಬಿಯಲ್ಲಿ. ಈ ಸಲ ಸಮಯ ಮುಗಿಯಿತೆಂದು ಕೈಯೆತ್ತುವವರು ಯಾರೂ ಇರಲಿಲ್ಲ.